ಅಮ್ಮನ ದನಿಯ ವಾರಸುದಾರ

ಜೂನ್ ೧೧, ಮಂಗಳವಾರ

ಅಣ್ಣನಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಅದರ ಗುರುತು ಕಂಡರೆ ಕಾಣಲಿ. ನಾವಿಲ್ಲಿ ಕ್ಷೇಮ. ಮುಖ್ಯವಾಗಿ, ಅಮ್ಮ ಬದುಕಿದ್ದಾಳೆ. ನಿನಗೆ ಈ ಸುದ್ದಿ ತಲುಪಿದಂತಿಲ್ಲ, ಅದಕ್ಕೇ ಮೊದಲು ಬರೆದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಅಮ್ಮ ಎಂದಿನಂತೆ ತನ್ನ ಹಾಡು ಕೇಳಲು ಫೋನ್ ತೆಗೆದಳು. ಪುಟ ಖಾಲಿ. ಹಕ್ಕುದಾರರ ದೂರಿನ ಮೇರೆಗೆ ತೆಗೆದುಹಾಕಲಾಗಿದೆ ಎಂಬ ಒಂದೇ ಸಾಲು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದಿದ್ದ ದನಿ ಅದೊಂದೇ. ಫೋನನ್ನು ಆಫ್ ಮಾಡಿ ಆನ್ ಮಾಡಿದಳು. ತನ್ನಿಂದಲೇ ಏನೋ ತಪ್ಪಾಯಿತೆಂಬಂತೆ ನನ್ನ ಮುಖ ನೋಡಿದಳು.

ಆ ಹಾಡುಗಳು ಹುಟ್ಟಿದ್ದು ಹೇಗೆಂದು ನೀನು ಮರೆತಿರಬಹುದು. ಗಾರ್ಮೆಂಟ್ಸ್ ಫ್ಯಾಕ್ಟರಿಯ ಮೆಟ್ಟಿಲ ಮೇಲೆ, ಪಾಳಿ ಮುಗಿಸಿದ ನಾಲ್ವರು ಹೆಂಗಸರು ತಾವೇ ಕಟ್ಟಿ ಹಾಡುತ್ತಿದ್ದರು. ಸೂಪರ್‌ವೈಸರನ ನಡಿಗೆಯನ್ನು ಅಣಕಿಸುವ ಹಾಡು, ತಾಳಕ್ಕೆ ಕತ್ತರಿ. ಮಷೀನ್ ರಿಪೇರಿಯವನು ತನ್ನ ಟೇಪ್‌ರೆಕಾರ್ಡರ್ ತಂದು ಹಿಡಿದಿಟ್ಟ. ಅಮ್ಮ ಆ ಕ್ಯಾಸೆಟ್ ಹಿಡಿದು ಹೋದಾಗ, ಈಗ ದೂರು ಕೊಟ್ಟಿರುವ ಇದೇ ಕ್ಯಾಸೆಟ್ ಕಂಪನಿಯವರು, ಇದನ್ನೆಲ್ಲ ಯಾರು ಕೇಳುತ್ತಾರೆ ಎಂದು ಬಾಗಿಲಲ್ಲೇ ಸಾಗಹಾಕಿದ್ದರು. ಬೂಷ್ಟು ಹಿಡಿದಿದ್ದ ಆ ಟೇಪನ್ನು ನಾನು ಒರೆಸಿ, ಒಣಗಿಸಿ, ಅಮ್ಮನನ್ನು ಕೇಳಿಯೇ ನೆಟ್‌ಗೆ ಹಾಕಿದೆ.

ಜನ ಕೇಳಿದರು. ಹಿಟ್ಟು ನಾದುವಾಗ ಇದೇ ಹಾಕಿಕೊಳ್ಳುತ್ತೇನೆ ಎಂದು ಬೇಕರಿಯವಳೊಬ್ಬಳು ಬರೆದಳು. ಕಾಲೇಜಿನ ಹುಡುಗಿಯರು ಗಿಟಾರ್ ಹಿಡಿದು ತಮ್ಮದೇ ಧಾಟಿಯಲ್ಲಿ ಹಾಡಿ ಕಳಿಸಿದರು. ಹಾಡಿನ ಹಿಂದೆ ಕೇಳುವ ನಗು ತನ್ನ ಚಿಕ್ಕಮ್ಮನದು ಎಂದು ಒಬ್ಬ ಗುರುತು ಹಿಡಿದ. ಬೇರೆ ಊರುಗಳ ಪುಟ್ಟ ಪುಟ್ಟ ತಂಡದವರು ನನ್ನನ್ನು ನಂಬಿ ತಮ್ಮ ಟೇಪುಗಳನ್ನು ಕೊಟ್ಟರು. ಅಮ್ಮನ ಹಾಡುಗಳ ಮೇಲೆ ದೂರಿನ ಮೇಲೆ ದೂರು ಬಿದ್ದಿದ್ದರಿಂದ ಇಡೀ ಖಾತೆಯನ್ನೇ ಮುಚ್ಚಿದರು. ಆ ಬಡಪಾಯಿಗಳ ಹಾಡೂ ಹೋಯಿತು, ಜನ ಬರೆದ ಮಾತುಗಳೂ ಹೋದವು. ಹಾಡಿನ ಪ್ರತಿ ನನ್ನ ಬಳಿ ಇದೆ. ಆ ನಗುವನ್ನು ಗುರುತು ಹಿಡಿದವನನ್ನು ಎಲ್ಲಿ ಹುಡುಕಲಿ?

ಕಂಪನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದೆ. ಅಮ್ಮ ಎದುರಿಗೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಹೇಳಿದಳು: “ನಿಮ್ಮ ತಾಯಿಯವರು ತೀರಿಕೊಂಡಿದ್ದು ಕೇಳಿ ಬೇಜಾರಾಯ್ತು ಮೇಡಂ. ವಾರಸುದಾರರು ಅಂತ ನಿಮ್ಮ ಅಣ್ಣನವರೇ ಹಕ್ಕೆಲ್ಲ ನಮಗೆ ಕೊಟ್ಟಿದ್ದಾರೆ.”

ಅಮ್ಮನ ಕೈ ನಿಂತಿತು. ಸ್ಲೇಟು ಎಳೆದುಕೊಂಡು ಬರೆದಳು: “ನಾನು ಸತ್ತಿದ್ದು ಯಾವಾಗ ಅಂತ ಕೇಳು.”

ಕೇಳಿದೆ. ಆ ಹುಡುಗಿ ಹೇಳಿದ ತಾರೀಖು ಅಮ್ಮನ ಆಪರೇಷನ್ ಆದ ದಿನ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ ನೀನು?

ನಿನ್ನ ಲೆಕ್ಕಾಚಾರ ನನಗೆ ಅರ್ಥವಾಗುತ್ತದೆ. ಜಾಹೀರಾತಿಗೆ ಹಾಡು ಹುಡುಕುವುದೇ ನಿನ್ನ ಕೆಲಸ. ಸೋಪಿನ ಜಾಹೀರಾತಿಗೆ ಕೊಡು ಎಂದು ಕೇಳಿದಾಗ ಅಮ್ಮ ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದ್ದಳು. ಮತ್ತೆ ಕೇಳಿದರೂ ಅದೇ ಉತ್ತರ. ಸತ್ತಳು ಎಂದುಬಿಟ್ಟರೆ ಕೇಳುವ ಗೋಜೇ ಇಲ್ಲ. ಕಂಪನಿಯವರಾದರೂ ಹಾಡುಗಳನ್ನು ಹೊರಗೆ ತಂದರೇ? ಸಮಯ ನೋಡಿ ಬಿಡುತ್ತೇವೆ ಎಂದು ಬೀಗ ಹಾಕಿಟ್ಟುಕೊಂಡಿದ್ದಾರೆ. ಹಾಡುವವರನ್ನು ಕಾಯಲೆಂದು ಇರುವ ಕಾನೂನನ್ನೇ ಹಿಡಿದು ಹಾಡಿದವಳ ಗಂಟಲನ್ನು ಎರಡನೆಯ ಸಲ ಕೊಯ್ದೆ ನೀನು.

ಮರುವಾರ ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಕಂಪನಿಗೆ ಹೊರಟಳು. ಜೊತೆಗೆ ನಾನು, ಮತ್ತೆ ಕಾಜಾ ಅಕ್ಕ. ಆ ನಾಲ್ವರಲ್ಲಿ ಒಬ್ಬಳು, ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದವಳು. ಕಂಪನಿಯ ವಕೀಲ ಅಮ್ಮನ ಗುರುತಿನ ಚೀಟಿ ನೋಡಿದ, ಮುಖ ನೋಡಿದ. ಬದುಕಿರುವುದೇನೋ ಸರಿ, ಹಾಡಿದ್ದು ಇವರೇ ಎನ್ನುವುದಕ್ಕೆ ಏನಿದೆ ಎಂದ. ಕಾಜಾ ಅಕ್ಕ ಕುರ್ಚಿಯ ಕೈ ತಟ್ಟುತ್ತ ಹಾಡಲು ಶುರುಮಾಡಿಬಿಟ್ಟಳು. ಎರಡನೆಯ ನುಡಿಯಲ್ಲಿ ಸಾಲು ಮರೆತಳು. ಅಮ್ಮ ಸ್ಲೇಟಿನಲ್ಲಿ ಬರೆದು ಹಿಡಿದಳು: “ದಾರ ಮುಗೀತು, ಮಾತು ಮುಗೀಲಿಲ್ಲ.” ಅಳಿಸಿ ಮುಂದಿನ ಸಾಲು ಬರೆದಳು. ಮತ್ತೆ ಅಳಿಸಿ, ಟೇಪಿನಲ್ಲೇ ಇಲ್ಲದ ಒಂದು ನುಡಿ ಬರೆದಳು. ವಕೀಲ ಪೆನ್ನು ಕೆಳಗಿಟ್ಟ. ಹಕ್ಕು ಕೊಟ್ಟವರೇ ಅದು ಸುಳ್ಳೆಂದು ಬರೆದುಕೊಟ್ಟರೆ ಬೇಗ ಮುಗಿಯುತ್ತದೆ ಎಂದ.

ಅದಕ್ಕೇ ಈ ಕಾಗದ. ‘ನನ್ನ ತಾಯಿ ಬದುಕಿದ್ದಾಳೆ’ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸು. ಕ್ಷಮೆ, ಕಣ್ಣೀರು, ಕಾರಣ ಯಾವುದೂ ಬೇಡ.

ಇಂತಿ,
ಇನ್ನೂ ನಿನ್ನ ತಂಗಿ ಎನಿಸಿಕೊಂಡಿರುವವಳು

ವಿ.ಸೂ.: ಇದನ್ನು ತಿಳಿಸಬೇಡವೆಂದು ಅಮ್ಮ ಹೇಳಿದ್ದಳು. ನಿನ್ನ ಸಹಿ ಈಗ ಯಾರಿಗೂ ಬೇಕಿಲ್ಲ. ಕಂಪನಿಯವರು ಹೆದರಿ ತಾವೇ ದೂರು ಹಿಂತೆಗೆದುಕೊಂಡರು. ಹೋದ ಶನಿವಾರವೇ ಹಾಡುಗಳು ಮರಳಿ ಬಂದವು, ಜನ ಬರೆದ ಮಾತುಗಳು ಬರಲಿಲ್ಲ. ನಾನು ಪೊಲೀಸರ ಬಳಿ ಹೋಗಲು ಹೊರಟಿದ್ದೆ. ಅವನಾಗಿಯೇ ನಿಜ ಬರೆದುಕೊಡಲಿ, ಒಂದು ಅವಕಾಶ ಕೊಡು ಎಂದು ತಡೆದು ಈ ಕಾಗದ ಬರೆಸಿದವಳು ಅವಳು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಇನ್ನು ನೀನು ಸಹಿ ಮಾಡಿದರೂ ಅದು ಪೊಲೀಸರ ಹೆದರಿಕೆಗೆ ಎಂದೇ ಆಗುತ್ತದೆ. ನೀನು ಒಳ್ಳೆಯವನಾಗಲು ಅವಳು ಉಳಿಸಿಟ್ಟಿದ್ದ ದಾರಿಯನ್ನು ಈ ನಾಲ್ಕು ಸಾಲಿನಿಂದ ಮುಚ್ಚಿ, ಕವರು ಅಂಟಿಸುತ್ತಿದ್ದೇನೆ.