ಬಾಗಿಲು ತಟ್ಟದ ಮಗಳಿಗೆ

ಭಾನುವಾರ, ಬೆಳಿಗ್ಗೆ ಹತ್ತೂವರೆ

ಮೊಂಡಿ ಮಗಳೇ,

ಮೊದಲು ಆಶೀರ್ವಾದ ಮಾಡಿಬಿಡುತ್ತೇನೆ, ಬೈಯುತ್ತ ಬೈಯುತ್ತ ಮರೆತೇನು. ಚೆನ್ನಾಗಿರು. ಈಗ ಕೇಳು.

ಎರಡು ವರ್ಷದಿಂದ ನಿನ್ನ ಕಾಗದಗಳಲ್ಲೆಲ್ಲ ಒಂದೇ ರಾಗ. ಹಡಗಿನ ಸ್ವಾಗತದ ಮೇಜಿನಲ್ಲಿ ಕೆಲಸ, ಕೂತು ಮಾಡುವ ಕೆಲಸ, ರಜೆ ಮಾತ್ರ ಇಲ್ಲ. ನಾನು ನಂಬಿದೆ. ಆಸ್ಪತ್ರೆಯ ಲಾಂಡ್ರಿಯಿಂದ ನಿವೃತ್ತಳಾದ ದಿನ ಜೊತೆಯವರು ಏನು ಉಡುಗೊರೆ ಬೇಕೆಂದು ಕೇಳಿದಾಗ, ನನ್ನ ಮಗಳ ಹಡಗಿನಲ್ಲಿ ಏಳು ದಿನ ಎಂದೆ. ನಿನಗೆ ಹೇಳಲಿಲ್ಲ. ಮೇಜಿನ ಮುಂದೆ ದಿಢೀರನೆ ನಿಂತು ನಿನ್ನ ಮುಖ ನೋಡಬೇಕಿತ್ತು.

ಹಡಗು ಹತ್ತುವುದೆಂದರೆ ಬಸ್ಸು ಹತ್ತಿದ ಹಾಗೆ ಎಂದುಕೊಂಡಿದ್ದೆ. ಚೀಟಿಯಲ್ಲಿ ಹನ್ನೆರಡೂವರೆ ಎಂದಿತ್ತು, ನಾನು ಒಂಬತ್ತಕ್ಕೇ ಹೋದೆ. ಮೂರೂವರೆ ಗಂಟೆ ತಗಡಿನ ಚಾವಣಿಯ ಶೆಡ್ಡಿನಲ್ಲಿ ಕೂರಿಸಿದರು. ಬ್ಯಾಗಿಗೆ ಪಟ್ಟಿ ಕಟ್ಟಿ ಕಿತ್ತುಕೊಂಡು ಹೋದರು, ಸಂಜೆ ರೂಮಿಗೆ ಬರುತ್ತದಂತೆ. ಫೋಟೋ ತೆಗೆದು ಒಂದು ಕಾರ್ಡು ಕೊಟ್ಟರು. ಫೋಟೋದಲ್ಲಿ ನಾನು ಕದ್ದು ಸಿಕ್ಕಿಬಿದ್ದವಳ ಹಾಗಿದ್ದೇನೆ. ಹಡಗು ಹೊರಡುವ ಮೊದಲೇ, ಮುಳುಗಿದರೆ ಎಲ್ಲಿ ನಿಲ್ಲಬೇಕೆಂದು ಪಾಠ ಬೇರೆ! ಮದುವೆಗೆ ಮೊದಲೇ ವಿಚ್ಛೇದನದ ಕಾಗದ ಓದಿಸಿದ ಹಾಗೆ.

ಇದನ್ನೆಲ್ಲ ನುಂಗಿಕೊಂಡು ಸ್ವಾಗತದ ಮೇಜಿಗೆ ಹೋದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದಳು. ಬೇರೆ ವಿಭಾಗದವರ ವಿವರ ಹೇಳುವಂತಿಲ್ಲವಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳ ವಿವರ!

ರೂಮಿಗೆ ಬಂದರೆ ಹಾಸಿಗೆ ಹಾಸಿತ್ತು. ಬೆಡ್‌ಶೀಟಿನ ಮೂಲೆಯನ್ನು ಎರಡು ಸಲ ಮಡಚಿ ಒಳಗೆ ಸಿಕ್ಕಿಸಿ, ತಲೆಯ ಕಡೆ ಅಂಗೈಯಗಲ ಹೊರಳಿಸಿತ್ತು. ಹಾಗೆ ಮಡಚುವುದನ್ನು ನಮ್ಮ ಲಾಂಡ್ರಿಯಲ್ಲಿ ಶುರು ಮಾಡಿದವಳು ನಾನು. ಶಾಲೆ ಬಿಟ್ಟ ಮೇಲೆ ನೇರ ನನ್ನ ಹತ್ತಿರ ಬಂದು, ಬೇಡವೆಂದರೂ ಕೇಳದೆ ಕಲಿತವಳು ನೀನು. ಎಷ್ಟು ಸಿಟ್ಟು ಬಂತೆಂದರೆ ಬೆಡ್‌ಶೀಟನ್ನು ಎಳೆದು ನೆಲಕ್ಕೆ ಹಾಕಿದೆ. ಊಟ ಮುಗಿಸಿ ಬಂದಾಗ ಮತ್ತೆ ಹಾಸಿತ್ತು.

ಮೂರನೇ ದಿನ ಊಟ ಬಿಟ್ಟು ರೂಮಿನೊಳಗೇ ಕಾದೆ. ನೀನು ಬರಲಿಲ್ಲ, ಒಬ್ಬ ಮೀಸೆಯವನು ಬಂದ. ಈ ಸಾಲಿನ ರೂಮು ನೋಡಿಕೊಳ್ಳುವ ಹುಡುಗಿಗೆ ಹೊಟ್ಟೆನೋವು, ಅದಕ್ಕೆ ನಾನು ಬಂದೆ ಎಂದ. ಈ ಸಾಲು ಮೊದಲು ಅವನದೇ ಅಂತೆ. ನಾವು ಹತ್ತುವ ಮೊದಲೇ ನೀನು ಹೆಸರುಗಳ ಪಟ್ಟಿ ನೋಡಿ, "ಅಣ್ಣಾ, ಈ ಸಾಲು ನಂಗೆ ಬಿಟ್ಕೊಡಿ, ನಿಮ್ಗೆ ಪುಣ್ಯ ಬರುತ್ತೆ" ಅಂತ ಅವನ ಕೈಕಾಲು ಹಿಡಿದೆಯಂತೆ. ಹೊಟ್ಟೆನೋವಂತೆ, ಹೊಟ್ಟೆನೋವು! ಗುಂಡುಕಲ್ಲಿನ ಹಾಗಿರುವವಳಿಗೆ.

ಇಳಿಯುವುದು ಹತ್ತುವುದಕ್ಕಿಂತ ಕೆಟ್ಟದ್ದು. ಹಿಂದಿನ ಸಂಜೆಯೇ ಬ್ಯಾಗನ್ನು ಬಾಗಿಲ ಹೊರಗಿಡಬೇಕು, ಅದು ನಮಗಿಂತ ಮೊದಲು ಇಳಿಯುತ್ತದೆ. ಬೆಳಿಗ್ಗೆಗೆ ಬೇಕಾದ್ದನ್ನು ಬುದ್ಧಿ ಇರುವವರು ಎತ್ತಿಟ್ಟುಕೊಳ್ಳುತ್ತಾರೆ. ನಾನು ಮೂವತ್ತೊಂದು ವರ್ಷ ಬಟ್ಟೆಯ ಗಂಟು ಕಟ್ಟಿ ಕಳಿಸಿದವಳು, ನೆಲದ ಮೇಲೆ ಒಂದು ಕರವಸ್ತ್ರವನ್ನೂ ಉಳಿಸಿದವಳಲ್ಲ. ಬೂಟು, ಬಿಪಿ ಮಾತ್ರೆ, ಸ್ವೆಟರ್ ಎಲ್ಲ ಒಳಗೆ ಹೋದವು. ಬೆಳಿಗ್ಗೆ ಬರಿಗಾಲಲ್ಲಿ ಬಾಗಿಲು ತೆಗೆದರೆ ಹೊರಗೆ ಬೂಟು ಜೋಡಿಸಿಟ್ಟಿತ್ತು. ಎಡಗಾಲಿನದರೊಳಗೆ ಮಾತ್ರೆ. ಅದನ್ನು ನಾನು ಖಾಲಿ ಹೊಟ್ಟೆಗೆ ನುಂಗಬೇಕೆಂದು ಗೊತ್ತಿರುವುದು ಪ್ರಪಂಚದಲ್ಲಿ ಒಬ್ಬಳಿಗೇ.

ಪ್ರಯಾಣಿಕರ ಬ್ಯಾಗ್ ಬಿಚ್ಚಿದರೆ ಕೆಲಸ ಹೋಗುತ್ತದೆ, ಗೊತ್ತಿದೆ ತಾನೆ? ಬ್ಯಾಗ್ ಬಿಚ್ಚುವ ಧೈರ್ಯ ಇದೆ, ಬಾಗಿಲು ತಟ್ಟುವ ಧೈರ್ಯ ಇಲ್ಲ!

ಬ್ಯಾಗಿಗೆ ಹಸಿರು ಪಟ್ಟಿ ಕಟ್ಟಿದವರು ಇಳಿಯಿರಿ ಎಂದು ಕೂಗಿದರು, ನನ್ನದೂ ಹಸಿರೇ. ನಾನು ಕಾರಿಡಾರಿನಲ್ಲಿ ನಿಂತೇ ಇದ್ದೆ. ಎಂಟಕ್ಕೆ ರೂಮು ಬಿಡಲೇಬೇಕೆಂದು ಮೈಕು ಬಾಯಿ ಬಡಿದುಕೊಂಡಿತು. ಕೊನೆಗೆ ಇಳಿದೆ, ಕಾರ್ಡು ಟಿಣ್ ಎಂದಿತು. ಎರಡು ಹೆಜ್ಜೆ ಹೋಗಿ ಹಿಂದೆ ತಿರುಗಿದರೆ ಕಾವಲಿನವನು ಅಡ್ಡ ಬಂದ. "ಒಂದ್ಸಲ ಇಳಿದ್ಮೇಲೆ ಮುಗೀತಮ್ಮ, ಇನ್ನು ಮೇಲಕ್ಕೆ ಬಿಡೋ ಹಾಗಿಲ್ಲ" ಎಂದ. ಅವನಿಗೂ ನಾಲ್ಕು ಮಾತು ಬೈದೆ. ಪಾಪ, ಅವನದೇನು ತಪ್ಪು.

ಸರಿ, ನನ್ನದನ್ನೂ ಹೇಳುತ್ತೇನೆ. "ಇನ್ನೊಬ್ರ ಕೊಳೆ ತೊಳೆಯೋ ಕೆಲ್ಸಕ್ಕೆ ಹೋದ್ರೆ ನನ್ನ ಕಣ್ಣಿಗೆ ಬೀಳ್ಬೇಡ" ಅಂದವಳು ನಾನೇ. ಲಾಂಡ್ರಿಯ ಸೋಡಾ ನೀರಿನಲ್ಲಿ ನನ್ನ ಕೈ ಬೆಂದ ಹಾಗೆ ನಿನ್ನದು ಬೇಯಬಾರದೆಂದು ಅಂದೆ. ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕೇಳದವಳು, ಇದೊಂದನ್ನು ಏಳು ದಿನ ಚಾಚೂ ತಪ್ಪದೆ ಪಾಲಿಸಿದೆಯಲ್ಲ! ತಪ್ಪು ನನ್ನದು. ಆದರೂ ಸಿಟ್ಟು ಇಳಿದಿಲ್ಲ.

ಇಂತಿ,
ನಿನ್ನ ಅಮ್ಮ

ಬಿಟ್ಟುಹೋದ ಮಾತು: ಮನೆಗೆ ಹೋಗುವ ರೈಲನ್ನು ಬಿಟ್ಟೆ. ಸಿಬ್ಬಂದಿಯ ಗೇಟಿನ ಎದುರು ಸಿಮೆಂಟು ಬೆಂಚಿನ ಮೇಲೆ ಕೂತು ಇದನ್ನು ಬರೆದಿದ್ದೇನೆ, ನನ್ನಿಂದ ಬೈಸಿಕೊಂಡ ಕಾವಲಿನವನೇ ಒಳಗೆ ಕಳಿಸಲು ಒಪ್ಪಿದ್ದಾನೆ. ಹಡಗು ಮತ್ತೆ ಹೊರಡುವುದು ನಾಲ್ಕಕ್ಕಂತೆ. ಹತ್ತು ನಿಮಿಷ ಸಿಕ್ಕರೂ ಸಾಕು. ಯೂನಿಫಾರ್ಮ್ ಬದಲಿಸಲು ಹೋಗಬೇಡ, ಹಾಗೇ ಬಾ.