ಕಣ್ಣಿನ ಫೋಟೋಗೆ ಕಾಡಿಗೆ

5-2-89, ಕಲ್ಯಾಣದುರ್ಗ
ಮಗ್ಗದಿಂದ ಬೇಗ ಎದ್ದೆ. ನಾಳೆ ಸ್ಕೂಲಿನಲ್ಲಿ ಮಕ್ಕಳ ಕಣ್ಣಿನ ಕ್ಯಾಂಪು. ಹಿಂದೂಪುರದಿಂದ ಅಕ್ಕನ ಮಗಳು ಶಿವಲಕ್ಷ್ಮಿ ಬರುತ್ತಾಳೆ. ಲ್ಯಾಬ್ ಕೆಲಸ, ಹೊಸದು. ಕಣ್ಣಿನ ಬಿಳಿಗುಡ್ಡೆಗೆ ಚೂರು ಕಾಗದ ಒತ್ತಿ ತೆಗೆಯುತ್ತಾಳಂತೆ. ಅಂಟಿದ ಜೀವಕಣಗಳಿಗೆ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಯಾವ ಮಗುವಿಗೆ ಮುಂದೆ ರೇಚೀಕಟಿ ಬಂದು ಸಂಜೆಯಾದರೆ ಕಣ್ಣು ಕಾಣದೆ ಹೋಗುತ್ತದೋ, ಈಗಲೇ ಗೊತ್ತಾಗುತ್ತದಂತೆ. ಇಷ್ಟುದ್ದ ಯಾರು ಹೇಳುತ್ತಾರೆ? ಬೀದಿ ತುಂಬ ಸಾರಿದೆ — ನಮ್ಮ ಹುಡುಗಿ ಕಣ್ಣಿನ ಫೋಟೋ ತೆಗೆಯುತ್ತಾಳೆ, ಮಕ್ಕಳನ್ನು ರೆಡಿ ಮಾಡಿ ತನ್ನಿ. ನನ್ನ ಮಾತಿಗೆ ಊರೇ ಎದ್ದು ಬರುತ್ತದೆ. ಅಳುವ ಮಕ್ಕಳಿಗೆ ಧೈರ್ಯ ಹೇಳುವುದಕ್ಕೂ ನಾನೇ ಬೇಕು. ಅಪ್ಪ ಸತ್ತಾಗಲೂ ಅಳದ ಒಣಗಣ್ಣು ನನ್ನದು.

6-2-89
ಊರೇ ಬಂತು. ಮಕ್ಕಳಿಗೆಲ್ಲ ಹೊಸ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ... ಕಣ್ಣು ತುಂಬ ಕಾಡಿಗೆ. ಒತ್ತಿದ ಕಾಗದವೆಲ್ಲ ಕಪ್ಪು.
ಡಾಕ್ಟರು ಶಿವಲಕ್ಷ್ಮಿಗೆ, "ಇದರಲ್ಲಿ ಏನು ನೋಡೋದು? ನಾಡಿದ್ದು ಮತ್ತೆ ತೆಗೀಬೇಕು. ಆಗ್ಲೂ ಹೀಗೇ ಆದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ನೋಡ್ತೀನಿ" ಎಂದರು.
ಕದಿರಮ್ಮ ಮಗುವನ್ನು ಎತ್ತಿಕೊಂಡು ನನ್ನ ಮೇಲೆ ಹರಿಹಾಯ್ದಳು. "ಫೋಟೋ ಅಂದೋನು ನೀನೇ ಅಲ್ವೇನಪ್ಪ? ಬೋಳುಗಣ್ಣಾಗೆ ಯಾರಾನ ಫೋಟೋ ಹಿಡಿಸ್ತಾರಾ?"
ಶಿವಲಕ್ಷ್ಮಿ ಬೈಯಲಿಲ್ಲ. "ಉಂಡ್ಯಾ ಮಾವ?" ಅಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

8-2-89
ನಿನ್ನೆ ಬರೆಯಲಿಲ್ಲ. ಮನೆಮನೆ ತಿರುಗಿದೆ, ಕಾಡಿಗೆ ಬೇಡ ಎಂದು.
"ಮಗೀಗೆ ದಿಷ್ಟಿ ಆಯ್ತದೆ ಕಣಪ್ಪ" — ನರಸಕ್ಕ.
"ಬೊಟ್ಟು ಅಂಗಾಲಿಗೆ ಇಡು ಕಣಕ್ಕ. ದಿಷ್ಟಿ ಅಲ್ಲೇ ಜಾರಿ ಬೀಳ್ತದೆ."
ಇವತ್ತು ಅಂಗಾಲೆಲ್ಲ ಕಪ್ಪು, ಕಣ್ಣೆಲ್ಲ ಸ್ವಚ್ಛ. ಆದರೆ ಕಾಗದ ಕಂಡು ಮಕ್ಕಳು ಕಿರುಚಿದವು. ಮೊದಲು ನಾನೇ ಕೂತೆ. ಶಿವಲಕ್ಷ್ಮಿ ಒತ್ತಿದಳು. ನಗುತ್ತಲೇ ಇದ್ದೆ. ಬೆಂಚಿನ ಕೆಳಗೆ ಕಾಲುಬೆರಳು ಮಡಚಿಕೊಂಡಿದ್ದು ಯಾರೂ ನೋಡಲಿಲ್ಲ.

21-2-89, ಹಿಂದೂಪುರ
ಬಸ್ಸಿಳಿದು ನೇರ ಲ್ಯಾಬಿಗೆ. ಸ್ಲೈಡುಗಳು ಚೆನ್ನಾಗಿ ಬಂದಿವೆ. ಕದಿರಮ್ಮನ ಮಗುವಿನ ಕಣ್ಣು ಒಣಗತೊಡಗಿತ್ತಂತೆ, ವಿಟಮಿನ್ ಕೊಟ್ಟಾಯಿತು. ಬೆಳುಗುಪ್ಪದ ಕ್ಯಾಂಪಿಗೂ ನೀನೇ ಹೋಗು ಎಂದರಂತೆ ಡಾಕ್ಟರು, ಶಿವಲಕ್ಷ್ಮಿಗೆ.
"ಬಾ ಮಾವ, ನಿನ್ನ ಕಣ್ಣು ನೋಡು."
ಬಗ್ಗಿ ನೋಡಿದೆ. ಚಪ್ಪಡಿ ಹಾಸಿದ ಅಂಗಳದಂತೆ ಕಣಗಳು. ನಡುನಡುವೆ ಕೆಲವು ದುಂಡಗೆ, ಕೆಂಪಗೆ, ತುಂಬಿದ ಬಿಂದಿಗೆಗಳ ಹಾಗೆ. ಕಣ್ಣಿನ ಪಸೆ ಕಾಯುವುದು ಅವೇ ಅಂತೆ.
"ಬೋ ಜಾಸ್ತಿ ಅವೆ ನಿಂಗೆ. ಒಣಗಣ್ಣು ಅಂತ ಊರೆಲ್ಲ ಕೊಚ್ಕೊಂಡು ತಿರುಗ್ತೀಯ."
ನೋಡುತ್ತಿದ್ದ ಹಾಗೇ ಎಲ್ಲ ಮಸುಕಾಯಿತು. ಮಿಷಿನ್ ಕೆಟ್ಟೋಯ್ತು ಕಣಮ್ಮ, ಅಂದೆ.
"ಮಿಷಿನ್ನು ನೆಟ್ಟಗೇ ಐತೆ" ಅಂತ ಸೆರಗಿನ ತುದಿ ಕೊಟ್ಟಳು. ನಾನೇನು —