ನಾಲ್ಕೇ ಗೋಲು ಬಿಟ್ಟ ವರ್ಷ

ಜೂನ್ ೧೪, ಭಾನುವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಅಂಟು,

ನೀನೂ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ತಿಂಗಳ ಮೇಲೆ ಹನ್ನೊಂದು ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಕಣ್ಣಿನ ಪೊರೆಯ ನೆಪ ಹೇಳಬಹುದಿತ್ತು. ಆದರೆ ಆಪರೇಷನ್ ಆಗಿದ್ದು ಹೋದ ವರ್ಷ, ಅದು ನಿನಗೂ ಗೊತ್ತು. ನಿಜ ಹೇಳುತ್ತೇನೆ, ಬರೆಯಲು ನಾಚಿಕೆಯಾಗಿತ್ತು.

ನೀನು ಎರಡು ಪುಟ ತುಂಬ ಮಂಡಿನೋವು, ಅಳಿಯನ ಹೊಸ ಕೆಲಸ, ಮೊಮ್ಮಗಳ ಮೊದಲ ಹಲ್ಲು ಎಲ್ಲ ಬರೆದು, ಕೊನೆಗೆ ಒಂದು ಮೂಲೆಯಲ್ಲಿ ಬರೆದಿದ್ದೆ: ‘ಮೈದಾನದಲ್ಲಿ ನಮ್ಮ ಟೀಮಿನವರ ಹೆಸರು ಬರೆಸ್ತಾರಂತೆ. ನಿನ್ನ ಹೆಸರೂ ಇರುತ್ತಾ ಅಪ್ಪಾ ಅಂತ ಮಗಳು ಕೇಳ್ತಾಳೆ. ಇರುತ್ತೇನೋ?’

ಆ ಕಾಗದ ನನ್ನ ಕೈಸೇರುವ ಹೊತ್ತಿಗೆ, ನಿನ್ನ ಹೆಸರು ಬೇಡವೆಂದು ತೀರ್ಮಾನವಾಗಿಹೋಗಿತ್ತು. ತೀರ್ಮಾನ ಮಾಡಿದ ಐವರಲ್ಲಿ ನಾನೂ ಒಬ್ಬ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಮ್ಮ ಮುದ್ರಣಾಲಯ ಮುಚ್ಚಿದರೂ ಅದರ ಹಿಂದಿನ ಮೈದಾನ ಉಳಿದುಕೊಂಡಿದೆ. ಈಗ ಅಲ್ಲಿ ಹುಡುಗಿಯರ ಟೀಮು ಆಡುತ್ತದೆ. ಅವರಿಗೆ ಆಟ ಕಲಿಸುವವಳು ಶಾಲೆಯಲ್ಲಿ ಲೆಕ್ಕದ ಟೀಚರು. ಕುಳ್ಳಗಿದ್ದಾಳೆ, ಕತ್ತಿನಲ್ಲಿ ಸದಾ ಸೀಟಿ. ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಒಂದು ಬೋರ್ಡು ಹಾಕಿಸೋಣವೆಂದು ಕ್ಲಬ್ಬಿನ ಕಾರ್ಯದರ್ಶಿ ಹೊರಟ. ‘ಈ ಮೈದಾನ ಕಂಡ ಅತ್ಯುತ್ತಮ ಡಿಫೆನ್ಸ್: ಹದಿಮೂರು ಪಂದ್ಯ, ನಾಲ್ಕೇ ಗೋಲು’ ಎಂದು ಮೇಲೆ, ಅದರ ಕೆಳಗೆ ನಾಲ್ಕು ಜನ ಡಿಫೆಂಡರುಗಳ ಹೆಸರು. ಮೊದಲನೆಯದು ನನ್ನದು.

“ಕೀಪರ್ ಹೆಸರು?” ಅಂತ ಕ್ಲಬ್ಬಿನ ಸಭೆಯಲ್ಲಿ ಒಬ್ಬರು ನಿನ್ನ ವಿಷಯ ಎತ್ತಿದರು.

“ಫೈನಲ್ಲನ್ನ ಕೈಯಾರೆ ಕೊಟ್ಟವನ ಹೆಸರು ಯಾಕೆ ಬೇಕು?” ಅಂದ ಕಾರ್ಯದರ್ಶಿ. ಅವನು ಆ ಪಂದ್ಯ ನೋಡಿದವನೂ ಅಲ್ಲ, ಆಗ ಅವನಿಗೆ ನಡೆಯಲೂ ಬರುತ್ತಿರಲಿಲ್ಲ. ಅವರಪ್ಪ ಹೇಳಿದ್ದನ್ನು ಅವನು ಹೇಳಿದ. ಎಲ್ಲರೂ ನನ್ನ ಮುಖ ನೋಡಿದರು. ನಾನು ಚಹಾದ ಲೋಟ ನೋಡಿದೆ. ಅಷ್ಟೇ ಸಾಕಾಯಿತು ಅವರಿಗೆ.

ಪೇಂಟರಿಗೆ ಹೇಳಿಯೂ ಆಗಿತ್ತು. ಟೀಚರು ಮಾತ್ರ ಬಿಡಲಿಲ್ಲ. “ಸಾರ್, ಬೋರ್ಡ್ ನೋಡಿ ನಮ್ಮ ಹುಡುಗೀರು ಕಲೀಬೇಕು ಅಂತೀರಿ. ಏನನ್ನ ಕಲೀಬೇಕು? ನಾಲ್ಕು ಗೋಲು ಅನ್ನೋದು ಉತ್ತರ ಆಯ್ತು, ಲೆಕ್ಕ ಎಲ್ಲಿ?” ಎಂದಳು. ಕಾರ್ಯದರ್ಶಿ ನಕ್ಕ. ನಾನೂ ನಕ್ಕೆ. ನಮ್ಮ ಡಿಫೆನ್ಸು ಎಂಥದ್ದೆಂದು ಊರಿಗೆಲ್ಲ ಗೊತ್ತಿರುವಾಗ ಈ ಹುಡುಗಿ ಲೆಕ್ಕ ಕೇಳುತ್ತಾಳಲ್ಲ ಎಂದು.

ಲೆಕ್ಕ ಇತ್ತು ಮಾರಾಯಾ. ನಮ್ಮ ಪ್ರೂಫಣ್ಣ ನೆನಪಿದ್ದಾನಲ್ಲ, ಕರಡು ತಿದ್ದುವ ಕೆಂಪು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೇ ಮೈದಾನಕ್ಕೆ ಬರುತ್ತಿದ್ದನಲ್ಲ? ಅವನು ಪ್ರತಿ ಪಂದ್ಯಕ್ಕೂ ಪುಸ್ತಕದಲ್ಲಿ ಮೈದಾನದ ಚಿತ್ರ ಬರೆದು, ಎರಡೂ ಕಡೆಯ ಗೋಲಿನತ್ತ ಬಿದ್ದ ಒಂದೊಂದು ಹೊಡೆತಕ್ಕೂ ಒಂದೊಂದು ಬಾಣ ಹಾಕಿದ್ದ. ಯಾರ ಪಕ್ಕದಿಂದ ಬಂತು, ಒಳಗೆ ಹೋಯಿತೋ ಕೀಪರ್ ತಡೆದನೋ, ಎಲ್ಲ. ಅವನು ತೀರಿಕೊಂಡು ಆರು ವರ್ಷವಾಯಿತು. ಅತ್ತಿಗೆ ಆ ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಟೀಚರು ಹೋಗಿ ತಂದಳು.

ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಪುಸ್ತಕಗಳನ್ನೆಲ್ಲ ಹರಡಿ ಕೂತೆವು. ನಾನು ಗತ್ತಿನಿಂದ ಒಂದೊಂದು ಪಂದ್ಯದ ಕಥೆ ಹೇಳುತ್ತಿದ್ದೆ, ಅವಳು ತಲೆಯೆತ್ತದೆ ಗೀಟು ಎಳೆಯುತ್ತಿದ್ದಳು. ಮೂರನೇ ಪುಸ್ತಕದ ಹೊತ್ತಿಗೆ ನನ್ನ ಕಥೆ ನಿಂತಿತು. ಏಕೆಂದರೆ ಬಾಣಗಳು ನನಗೂ ಕಾಣಿಸತೊಡಗಿದ್ದವು. ಕಾರ್ನರಿನ ಹತ್ತಿರ ಒಂದೆರಡು. ಮಿಕ್ಕವು ಗುಂಪುಗುಂಪಾಗಿ ನಡುವಿನಿಂದ, ಐದನೇ ನಂಬರಿನ ಅಂಗಿ ತೊಟ್ಟು ನಾನು ನಿಲ್ಲುತ್ತಿದ್ದ ಜಾಗದಿಂದ.

“ಹದಿಮೂರು ಪಂದ್ಯಕ್ಕೆ ತೊಂಬತ್ತೇಳು ಸಾರ್, ಎಲ್ಲಾ ಸೀದಾ ಗೋಲಿಗೇ ಬಂದಿರೋವು,” ಅಂದಳು ಟೀಚರು. “ನಿಮ್ಮ ಫಾರ್ವರ್ಡುಗಳು ನಾಲ್ಕು ಸಲ ಹಾಗೆ ಹೊಡೆದ್ರೆ ಒಂದು ಗೋಲು ಆಗಿದೆ. ಅದೇ ಲೆಕ್ಕದಲ್ಲಿ ನಿಮಗೂ ಇಪ್ಪತ್ನಾಲ್ಕು ಬೀಳಬೇಕಿತ್ತು. ಬಿದ್ದಿದ್ದು ನಾಲ್ಕು. ಉಳಿದ ಇಪ್ಪತ್ತು ಎಲ್ಲಿ ಹೋಯ್ತು ಸಾರ್?”

ನಾನು ಪುಸ್ತಕವನ್ನು ನನ್ನತ್ತ ತಿರುಗಿಸಿಕೊಂಡು ಬಾಣಗಳನ್ನು ಮತ್ತೆ ಎಣಿಸತೊಡಗಿದೆ.

“ಬೇಜಾರು ಮಾಡ್ಕೋಬೇಡಿ. ನಿಮ್ಮನ್ನ ಗೋಡೆ ಅಂತ ಕರೀತಿದ್ರಂತೆ. ಈ ಚಿತ್ರದಲ್ಲಿ ಬಾಗಿಲಿನ ಥರ ಕಾಣ್ತೀರಿ.”

ಒಳಗಿಂದ ನನ್ನ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ನನಗೂ ನಗು ಬರಬೇಕಿತ್ತು. ಬರಲಿಲ್ಲ. ನನ್ನ ಮನಸ್ಸು ಆ ದಿನಗಳಿಗೆ ಹೋಗಿತ್ತು. ನನ್ನನ್ನು ದಾಟಿ ಬಂದವನ ಕಾಲಿಗೆ ನೀನು ಬೀಳುತ್ತಿದ್ದೆ. ಚೆಂಡು ನಿನ್ನ ಎದೆಗೋ ಮೊಣಕೈಗೋ ತಾಗಿ ಆಚೆ ಉರುಳುತ್ತಿತ್ತು. ಆಗ ನಾನು ಓಡಿಬಂದು ಅದನ್ನು ಆಕಾಶಕ್ಕೆ ಒದೆಯುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಆ ಒದೆತಕ್ಕೆ. ನೀನು ಮಣ್ಣು ಕೊಡವಿಕೊಂಡು ಏಳುವಾಗ ಯಾರೂ ನಿನ್ನತ್ತ ನೋಡುತ್ತಿರಲಿಲ್ಲ. ದುಡಿದವನೊಬ್ಬ, ಉಂಡವನು ಇನ್ನೊಬ್ಬ ಅನ್ನುವ ಹಾಗೆ. ಮೂವತ್ತೆಂಟು ವರ್ಷ ಆ ಚಪ್ಪಾಳೆಯನ್ನು ತಿಂದು ಬದುಕಿದ್ದೇನೆ ಕಣೋ. ಮಕ್ಕಳಿಗೆ ಹೇಳಿದ್ದೇನೆ, ಮೊಮ್ಮಕ್ಕಳಿಗೆ ಹೇಳಿದ್ದೇನೆ, ಕ್ಷೌರದಂಗಡಿಯಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತ್ತು.

ಕೊನೆಗೆ ಅವಳು ಫೈನಲ್ಲಿನ ಪುಟ ತೆಗೆದಳು. ಒಂದೇ ಗೋಲು. ಬಾಣದ ಪಕ್ಕದಲ್ಲಿ ಪ್ರೂಫಣ್ಣನ ಅಚ್ಚುಕಟ್ಟಾದ ಅಕ್ಷರ: ‘ಕೀಪರನ ಕೈ ಜಾರಿ.’

“ತೊಂಬತ್ತೇಳರಲ್ಲಿ ತೊಂಬತ್ತಮೂರು ತಡೆದವರ ಕೈ ಒಂದು ಸಲ ಜಾರಿದ್ರೆ, ಅದಕ್ಕೆ ಹೆಸರೇ ಅಳಿಸಿಹಾಕೋದಾ ಸಾರ್?” ಅಂದಳು.

“ಇಲ್ಲಮ್ಮ,” ಅಂದೆ. ಪುಸ್ತಕವನ್ನು ನಾನೇ ಮುಚ್ಚಿಟ್ಟೆ.

ಮರುವಾರದ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿದೆ. ನಮ್ಮ ಡಿಫೆನ್ಸು ಅಷ್ಟಕ್ಕಷ್ಟೇ ಇತ್ತು, ಅದರಲ್ಲೂ ನಾನು ತೀರಾ ಸಾಧಾರಣ, ಆ ವರ್ಷ ನಮ್ಮನ್ನು ಕಾಪಾಡಿದ್ದು ಒಬ್ಬನೇ, ಬರೆಯುವುದಾದರೆ ಅವನ ಹೆಸರು ಮೊದಲು ಬರೆಯಿರಿ, ಇಲ್ಲದಿದ್ದರೆ ನನ್ನದನ್ನೂ ತೆಗೆಯಿರಿ ಎಂದೆ. ಕಾರ್ಯದರ್ಶಿಯ ಮುಖ ಹುಳ್ಳಗಾಯಿತು. “ನೀವೇ ಹೀಗಂದ್ರೆ ನಾವೇನು ಹೇಳೋದು?” ಎಂದು ಗೊಣಗಿಕೊಂಡೇ ಒಪ್ಪಿದ. ಮೊನ್ನೆ ಗುರುವಾರ ಪೇಂಟರು ಬಂದು ಬರೆದುಹೋದ. ನಿನ್ನ ಹೆಸರು ಎಲ್ಲಕ್ಕಿಂತ ಮೇಲಿದೆ, ದಪ್ಪ ಅಕ್ಷರದಲ್ಲಿ. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿ ಕಂಪೋಸಿಂಗ್ ಮಾಡಿದವನು ನಾನು, ಅಕ್ಷರದ ಅಳತೆ ನಾನೇ ನಿಂತು ನೋಡಿದ್ದೇನೆ. ಇರುತ್ತದೆ ಎಂದು ಮಗಳಿಗೆ ಧೈರ್ಯವಾಗಿ ಹೇಳು.

ಇನ್ನೊಂದು ವಿಷಯ. ಬರುವ ತಿಂಗಳ ಮೊದಲ ಭಾನುವಾರ ನೀನು ಬರಬೇಕೆಂದು ಟೀಚರಿನ ಆಸೆ. ಅವಳ ಟೀಮಿನ ಕೀಪರ್ ಹುಡುಗಿ ಕಾಲಿಗೆ ಬೀಳಲು ಹೆದರುತ್ತಾಳಂತೆ. “ಅವರು ಬಂದು ಒಂದು ಸಲ ಹೇಗೆ ಅಂತ ಬಾಯಲ್ಲಿ ಹೇಳಿದ್ರೂ ಸಾಕು, ಬೀಳೋದು ಬೇಡ” ಎಂದಿದ್ದಾಳೆ. ನಿನ್ನ ಮಂಡಿಯ ವಿಷಯ ನಾನು ಹೇಳಿದ್ದೇನೆ.

ಸಭೆ ಮುಗಿಸಿ ಬಂದ ದಿನ ನನ್ನ ಹೆಂಡತಿ, “ಇಷ್ಟು ದೊಡ್ಡ ಮನಸ್ಸು ನಿಮಗೆ ಯಾವಾಗ ಬಂತು?” ಅಂದಳು. ಟೀಚರಂತೂ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ, “ಸತ್ಯ ಹೇಳೋದು ಅಂದ್ರೆ ಹೀಗೆ” ಎಂದು ನನ್ನನ್ನು ತೋರಿಸಿದಳು. ಅವರು ಚಪ್ಪಾಳೆ ತಟ್ಟಿದರು. ಆವತ್ತಿನಿಂದ ನನಗೆ ಊಟ ಸೇರುತ್ತಿಲ್ಲ.

ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು. ಮೊಮ್ಮಗಳು ನೂರು ವರ್ಷ ಬಾಳಲಿ, ನಿನ್ನ ಹಾಗೆ ಗಟ್ಟಿ ಮನಸ್ಸಿನವಳಾಗಲಿ. ನಿನ್ನ ಮನೆಯಾಕೆಗೆ ನಮ್ಮಿಬ್ಬರ ನಮಸ್ಕಾರ. ನಿನ್ನ ಮಂಡಿ ಬೇಗ ವಾಸಿಯಾಗಲಿ.

ನಿನ್ನ ಹಳೆಯ
ಐದನೇ ನಂಬರು

ತಾ.ಕ. ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದು ತೆಗೆದಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ಮೇಲಿನದೆಲ್ಲ ಬರೀ ನಾಟಕ.

ಪ್ರೂಫಣ್ಣ ಎಲ್ಲವನ್ನೂ ಕಣ್ಣಾರೆ ಕಂಡು ಬರೆದ, ಆ ‘ಕೈ ಜಾರಿ’ ಎಂಬ ಒಂದು ಸಾಲನ್ನು ಬಿಟ್ಟು. ಫೈನಲ್ಲಿನಲ್ಲಿ ಗೋಲಿನ ಮುಂದೆ ಗುಂಪು ಕಟ್ಟಿತ್ತು, ಅವನಿಗೆ ಏನೂ ಕಾಣಲಿಲ್ಲ. ಆಟ ಮುಗಿದ ಮೇಲೆ ಪೆನ್ಸಿಲ್ ಹಿಡಿದು ಬಂದು, “ಹೇಗಾಯ್ತಪ್ಪ ಅದು?” ಅಂತ ನನ್ನನ್ನು ಕೇಳಿದ. ನಾನು ಹೇಳಿದ್ದನ್ನು ಬರೆದುಕೊಂಡ. ಅದು ಅವನ ಅಕ್ಷರ, ಮಾತು ನನ್ನದು.

ಚೆಂಡು ನಿನ್ನ ಬಲಕ್ಕೇ ಬರುತ್ತಿತ್ತು. ನೀನು ಸರಿಯಾಗಿಯೇ ಹಾರಿದ್ದೆ. ನಾನು ಎಡಗಾಲು ಚಾಚಿದೆ, ಬೂಟಿನ ತುದಿಗೆ ಸವರಿ ಅದು ತಿರುಗಿ ನಿನ್ನ ಕೈಯ ಕೆಳಗೆ ಹೋಯಿತು. ನೀನು ಕೆಸರಿನಲ್ಲಿ ಬಿದ್ದಲ್ಲಿಂದಲೇ ತಲೆಯೆತ್ತಿ, “ನಿನಗೆ ತಾಗ್ತೇನೋ?” ಅಂತ ಕೇಳಿದೆ. ನಾನು “ಇಲ್ಲ” ಅಂದೆ. ನೀನು ನಂಬಿದೆ. ನಿನ್ನ ಕೈಯನ್ನೇ ಒಂದು ಸಲ ತಿರುಗಿಸಿ ನೋಡಿಕೊಂಡೆ. ಆಮೇಲೆ ನೀನು ಗ್ಲೌಸ್ ಹಾಕಲೇ ಇಲ್ಲ. ವರ್ಷ ತುಂಬುವುದರೊಳಗೆ ವರ್ಗ ಕೇಳಿಕೊಂಡು ಬೇರೆ ಊರಿಗೆ ಹೊರಟುಹೋದೆ. ಬಸ್ಸು ಹತ್ತಿಸಲು ಬಂದಿದ್ದ ನನ್ನ ಹತ್ತಿರ, “ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು ಕಣೋ” ಅಂದಿದ್ದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಟೀಚರಿಗೂ ಕಾರ್ಯದರ್ಶಿಗೂ ನಾಳೆ ಹೇಳುತ್ತೇನೆ. ಮೊದಲು ನಿನಗೆ ತಿಳಿಯಬೇಕಿತ್ತು. ನೀನು ಬಾರದಿದ್ದರೂ, ಇನ್ನು ಮುಂದೆ ಬರೆಯದಿದ್ದರೂ ಕೇಳುವ ಬಾಯಿ ನನಗಿಲ್ಲ. ಈ ಪುಟವನ್ನು ನಿನ್ನ ಮಗಳಿಗೆ ಓದಿ ಹೇಳು.

ಆವತ್ತು ನೀನು ಕೇಳಿದ್ದಕ್ಕೆ ಉತ್ತರ: ಹೌದು ಕಣೋ, ತಾಗಿತ್ತು.